ಹೆಣ್ಣುಡುಗೆ ತೊಟ್ಟ ಮರುದಿನ: ಯಾರಿಗೂ ಹೇಳದ ತುರಿಕೆ, ಉರಿ, ನೋವುಗಳು

ಕೊಚ್ಚಿಯಿಂದ ತಿರುವನಂತಪುರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ, ಕೊಲ್ಲಂ ತಲುಪುವ ಸ್ವಲ್ಪ ಮೊದಲು ಚವರ ಎಂಬ ಊರು ಸಿಗುತ್ತದೆ. ಅಲ್ಲಿನ ಕೊಟ್ಟಂಕುಳಂಗರ ದೇವಿ ದೇವಸ್ಥಾನದಲ್ಲಿ ಪ್ರತಿವರ್ಷ ಮೀನ ಮಾಸದ 10 ಮತ್ತು 11ರಂದು, ಅಂದರೆ ಮಾರ್ಚ್ ಕೊನೆಯ ವಾರದಲ್ಲಿ, ಚಮಯವಿಳಕ್ಕ್ ಉತ್ಸವ. ಸಾವಿರಾರು ಗಂಡಸರು ಸೀರೆ ಉಟ್ಟು, ಮುಡಿಗೆ ಹೂ ಮುಡಿದು, ಐದು ಬತ್ತಿಯ ದೀಪ ಹಿಡಿದು ರಾತ್ರಿಯಿಡೀ ನಿಲ್ಲುತ್ತಾರೆ. ಹರಕೆ ಹೊತ್ತವರು, ಮಗನನ್ನು ಸಿಂಗರಿಸಿ ಕರೆತರುವ ತಾಯಂದಿರು, ವರ್ಷಕ್ಕೊಮ್ಮೆ ತಮ್ಮ ಇಷ್ಟದ ಉಡುಗೆಯಲ್ಲಿ ಎಲ್ಲರ ಎದುರು ಓಡಾಡಲು ಬರುವ ಟ್ರಾನ್ಸ್‌ಜೆಂಡರ್ ಮಹಿಳೆಯರು, ಎಲ್ಲರೂ ಅಲ್ಲಿರುತ್ತಾರೆ. ಅಲ್ಲಿ ಯಾರೂ ಮುಚ್ಚುಮರೆ ಮಾಡುವುದಿಲ್ಲ.

ಮುಚ್ಚುಮರೆ ಶುರುವಾಗುವುದು ಮರುದಿನ, ಔಷಧ ಅಂಗಡಿಯಲ್ಲಿ. ನನ್ನೂರು ಕಾಸರಗೋಡು. ಮೊದಲು ತಿರುವನಂತಪುರದಲ್ಲಿ, ಈಗ ಕೊಚ್ಚಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವುದು ನನ್ನ ಕೆಲಸ. ಸೊಂಟದ ಸುತ್ತ ಉರಿ ಎಂದು ಬಂದವರನ್ನು "ಏನು ಉಟ್ಟಿದ್ದಿರಿ?" ಎಂದು ಕೇಳಿದರೆ "ಪ್ಯಾಂಟ್" ಎನ್ನುತ್ತಾರೆ. ಎರಡು ಬೆರಳಗಲದ ಕೆಂಪು ಪಟ್ಟಿ ಮಾತ್ರ ಲಂಗದ ಲಾಡಿಯ ಗುರುತನ್ನೇ ತೋರಿಸುತ್ತಿರುತ್ತದೆ. ನಿಜ ಗೊತ್ತಾಗದಿದ್ದರೆ ಹುಳುಕಡ್ಡಿ ಇರಬಹುದೆಂದು ಯಾರೋ ಒಂದು ಮುಲಾಮು ಕೊಡುತ್ತಾರೆ, ಮತ್ತು ತೊಂದರೆ ವಾರಗಟ್ಟಲೆ ಎಳೆಯುತ್ತದೆ.

ಈ ಲೇಖನ ಹರಕೆಗೆ ವೇಷ ಹಾಕುವವರಿಗೆ, ರಂಗದ ಮೇಲೆ ಸ್ತ್ರೀವೇಷ ಮಾಡುವವರಿಗೆ, ಮನೆಯೊಳಗೆ ಖಾಸಗಿಯಾಗಿ ಹೆಣ್ಣುಡುಗೆ ತೊಡುವವರಿಗೆ, ಗಂಡುಡುಗೆ ತೊಡುವ ಹೆಣ್ಣುಮಕ್ಕಳಿಗೆ ಮತ್ತು ಇವರೆಲ್ಲರ ಮನೆಯವರಿಗೆ. ಕ್ರಾಸ್‌ಡ್ರೆಸ್ಸಿಂಗ್ ಎಂದು ಕರೆಯುವ ಈ ಅಭ್ಯಾಸ ತನ್ನಷ್ಟಕ್ಕೆ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ರೋಗಪಟ್ಟಿಯಲ್ಲಿ ಇದಕ್ಕೆ ಹೆಸರುಗಳಿದ್ದವು. 2022ರ ಜನವರಿಯಿಂದ ಜಾರಿಗೆ ಬಂದ 11ನೇ ಆವೃತ್ತಿಯಲ್ಲಿ ಅವನ್ನು ಕೈಬಿಡಲಾಗಿದೆ. ಆದರೆ ದಾರ, ಅಂಟು, ಲೋಹ, ಬಣ್ಣ, ಬೆವರು ಇವು ಯಾರ ಮೈಯನ್ನೂ ಬಿಡುವುದಿಲ್ಲ. ಚಿಕ್ಕಂದಿನಿಂದ ಅಭ್ಯಾಸವಿಲ್ಲದ ಮೈಗೆ ಅವು ಒಂದೇ ರಾತ್ರಿಯಲ್ಲಿ ಹೆಚ್ಚಾಗಿ ತಾಗುತ್ತವೆ.

ಸೊಂಟದ ದಾರ

ಸೀರೆ ಜಾರೀತೆಂಬ ಭಯಕ್ಕೆ ಹೊಸಬರು ಲಾಡಿಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಗಂಡಸರ ಸೊಂಟದಲ್ಲಿ ಸೀರೆ ನಿಲ್ಲುವಷ್ಟು ತಿರುವು ಕಡಿಮೆ, ಹಾಗಾಗಿ ಇನ್ನಷ್ಟು ಬಿಗಿ. ಬೆವರು ಮತ್ತು ಉಜ್ಜಾಟ ಸೇರಿ ಚರ್ಮ ಕೆಂಪಾಗಿ, ಸುಲಿದು, ಆಮೇಲೆ ಕಪ್ಪಾಗುತ್ತದೆ. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ಹಿರಿಯ ಮಹಿಳೆಯರ ಸೊಂಟದ ಮಾಗದ ಹುಣ್ಣು ಚರ್ಮದ ಕ್ಯಾನ್ಸರ್ ಆಗಿದ್ದನ್ನು ವರದಿ ಮಾಡಿದರು. ಸುದ್ದಿಯಲ್ಲಿ ಅದು 'ಪೆಟಿಕೋಟ್ ಕ್ಯಾನ್ಸರ್' ಎಂದು ಓಡಾಡಿತು. ಗಾಬರಿ ಬೇಡ, ಅದು ದಶಕಗಳ ಕಾಲ ದಿನವೂ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದ್ದರ ಫಲ. ಆದರೆ ಅದರಿಂದ ಕಲಿಯುವುದಿದೆ: ತೆಳು ದಾರದ ಬದಲು ಅಗಲ ಪಟ್ಟಿ ಅಥವಾ ಇಲಾಸ್ಟಿಕ್ ಇರುವ ಒಳಲಂಗ ತೊಡಿ, ಕಟ್ಟುವ ಜಾಗವನ್ನು ಆಗಾಗ ಬದಲಿಸಿ, ಮೂರು ವಾರವಾದರೂ ಒಣಗದ ಹುಣ್ಣನ್ನು ವೈದ್ಯರಿಗೆ ತೋರಿಸಿ.

ಸೊಂಟ ಸಣ್ಣಗೆ ಕಾಣಲೆಂದು ತೊಡುವ ಬಿಗಿಯುಡುಗೆಯಿಂದ ಇನ್ನೊಂದು ವಿಚಿತ್ರ ತೊಂದರೆ ಬರಬಹುದು. ತೊಡೆಯ ಹೊರಬದಿ ಜುಮ್ಮೆನ್ನುತ್ತದೆ, ಉರಿಯುತ್ತದೆ, ಮುಟ್ಟಿದರೆ ಮರಗಟ್ಟಿದಂತಿರುತ್ತದೆ. ಬೆನ್ನುಮೂಳೆಯ ಕಾಯಿಲೆಯೇನೋ ಎಂದು ಹೆದರಿ ಎಂಆರ್‌ಐಗೆ ಓಡುವವರಿದ್ದಾರೆ. ಹಲವು ಸಲ ತೊಡೆಸಂದಿಯ ಬಳಿ ಹಾದುಹೋಗುವ ಒಂದು ಚರ್ಮನರ ಅದುಮಿ ಹೋಗಿರುತ್ತದೆ, ಅಷ್ಟೆ. ಬಿಗಿ ಬಿಟ್ಟರೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಕಾಲಿನ ಶಕ್ತಿಯೇ ಕಡಿಮೆಯಾದರೆ ಅಥವಾ ಮೂತ್ರ ಹಿಡಿತ ತಪ್ಪಿದರೆ ಮಾತ್ರ ಅದು ಬೇರೆ ವಿಷಯ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂಟು, ಬಿಂದಿ, ಸರ

ಎರ್ನಾಕುಳಂನ ಬ್ರಾಡ್‌ವೇಯಲ್ಲೋ ತಿರುವನಂತಪುರದ ಚಾಲ ಮಾರುಕಟ್ಟೆಯಲ್ಲೋ ಅಗ್ಗಕ್ಕೆ ಸಿಗುವ ಸರ, ಓಲೆಗಳಲ್ಲಿ ನಿಕ್ಕಲ್ ಇರುವುದುಂಟು. ಬೆವರು ಅದನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಒಂದೆರಡು ದಿನದಲ್ಲಿ ಕಿವಿ, ಕತ್ತು ತುರಿಸಿ ನೀರೊಡೆಯುತ್ತವೆ. ಒಮ್ಮೆ ಅಲರ್ಜಿ ಬಂದರೆ ಜೀವಮಾನ ಉಳಿಯಬಹುದು. ಆಮೇಲೆ ಬೆಲ್ಟಿನ ಬಕಲ್, ವಾಚಿನ ಪಟ್ಟಿಯೂ ತುರಿಕೆ ತರುತ್ತವೆ, ಹಾಗಾಗಿ ಕಾರಣ ಗುರುತಿಸುವುದು ಕಷ್ಟವಾಗುತ್ತದೆ.

ಸ್ಟಿಕರ್ ಬಿಂದಿಯ ಕೆಲವು ಅಂಟುಗಳಲ್ಲಿರುವ ಒಂದು ರಾಸಾಯನಿಕ ಚರ್ಮದ ಬಣ್ಣ ತಯಾರಿಸುವ ಕೋಶಗಳನ್ನು ಹಾಳುಮಾಡಬಲ್ಲದು. ಹಣೆಯ ನಡುವೆ ಬಿಂದಿಯಷ್ಟೇ ದುಂಡಗಿನ ಬಿಳಿ ಮಚ್ಚೆ ಮೂಡಿದರೆ ಅದನ್ನು ತೊನ್ನು ಎಂದು ತಾವೇ ತೀರ್ಮಾನಿಸಿ ಕೊರಗಬೇಡಿ. ಬಿಂದಿ ನಿಲ್ಲಿಸಿ, ಚರ್ಮವೈದ್ಯರ ಬಳಿ ಹೋಗಿ, ಬಿಂದಿ ಹಚ್ಚುತ್ತಿದ್ದಿರೆಂಬುದನ್ನು ಹೇಳಿ. ಆ ಒಂದು ಮಾತು ಇಲ್ಲದಿದ್ದರೆ ಗಂಡಸಿನ ಹಣೆಯ ಮಚ್ಚೆಗೆ ಬಿಂದಿ ಕಾರಣವೆಂದು ಯಾವ ವೈದ್ಯರಿಗೂ ಹೊಳೆಯಲಿಕ್ಕಿಲ್ಲ.

ಅಂಟು ಉಗುರುಗಳ ಗೋಂದು ಸೂಪರ್‌ಗ್ಲೂ ಜಾತಿಯದು. ಅದು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಬಟ್ಟೆ ಬಿಸಿಯೇರಿ ಚರ್ಮ ಸುಡಬಲ್ಲದು. ತೊಡೆಯ ಮೇಲೆ ಚೆಲ್ಲಿದರೆ ಬಟ್ಟೆಯನ್ನು ಕಿತ್ತೆಳೆಯಬೇಡಿ, ತಣ್ಣೀರು ಹರಿಸಿ. ವಿಗ್ಗಿನ ಅಂಟನ್ನು ಮೊದಲ ಸಲ ಹಚ್ಚುವ ಮುನ್ನ ಮೊಣಕೈಯ ಒಳಬದಿಗೆ ಒಂದು ಚುಕ್ಕೆಯಿಟ್ಟು ಎರಡು ದಿನ ನೋಡಿ. ಉತ್ಸವದ ಹಿಂದಿನ ಸಂಜೆ ನೆನಪಾದರೆ ಪ್ರಯೋಜನವಿಲ್ಲ.

ಮುಖದ ಕೂದಲು, ಮುಖದ ಬಣ್ಣ

ಗಡ್ಡ ಕಾಣಬಾರದೆಂದು ಉಲ್ಟಾ ಎಳೆದು ಬೋಳಿಸಿ, ಅದೇ ಗಳಿಗೆ ದಪ್ಪ ಪ್ಯಾನ್‌ಕೇಕ್ ಮೆತ್ತುವುದು ಬಹಳ ಜನ ಮಾಡುವ ತಪ್ಪು. ಬ್ಲೇಡು ಮಾಡಿದ ಕಣ್ಣಿಗೆ ಕಾಣದ ಗಾಯಗಳೊಳಗೆ ಬಣ್ಣವೂ ಬ್ಯಾಕ್ಟೀರಿಯಾವೂ ಇಳಿದು ಕೀವುಗುಳ್ಳೆ ಏಳುತ್ತವೆ. ಗುಂಗುರು ಗಡ್ಡದವರಿಗೆ ಕೂದಲು ಒಳಗೇ ಬೆಳೆದು ಗಂಟು ಕಟ್ಟುತ್ತದೆ. ಸಾಧ್ಯವಾದರೆ ಕೆಲವು ಗಂಟೆ ಮೊದಲೇ, ಕೂದಲು ಬೆಳೆಯುವ ದಿಕ್ಕಿನಲ್ಲಿ ಬೋಳಿಸಿ. ಕೂದಲು ತೆಗೆಯುವ ಕ್ರೀಮನ್ನು ಬೋಳಿಸಿದ ದಿನವೇ ಹಚ್ಚಬೇಡಿ, ಡಬ್ಬಿಯ ಮೇಲೆ ಬರೆದ ನಿಮಿಷ ಮೀರಬೇಡಿ, ಗುಪ್ತಾಂಗಗಳ ಚರ್ಮಕ್ಕೆ ಬೇಡವೇ ಬೇಡ.

ಯಕ್ಷಗಾನದ ಮನೆಗಳಲ್ಲಿ ಬೆಳೆದವರಿಗೆ ಅರದಾಳ, ಇಂಗಳೀಕ ಗೊತ್ತಿರುತ್ತದೆ. ಕಥಕಳಿಯವರು ಇವನ್ನೇ ಮನಯೋಲ, ಚಾಯಿಲ್ಯಂ ಎನ್ನುತ್ತಾರೆ. ಅರದಾಳ ಆರ್ಸೆನಿಕ್‌ನ, ಇಂಗಳೀಕ ಪಾದರಸದ ಖನಿಜ. ಎರಡೂ ನೀರಿನಲ್ಲಿ ಸುಲಭವಾಗಿ ಕರಗವು, ಆದ್ದರಿಂದ ಗಾಯವಿಲ್ಲದ ಚರ್ಮದ ಮೂಲಕ ಒಳಹೋಗುವುದು ಕಡಿಮೆ. ಹಾಗೆಂದು ಸಲುಗೆ ಬೇಡ. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿ, ಬೋಳಿಸಿದ ಹಸಿ ಚರ್ಮಕ್ಕೆ ಹಚ್ಚಬೇಡಿ, ಬಣ್ಣ ತೆಗೆಯದೆ ಊಟಕ್ಕೆ ಕೂರಬೇಡಿ.

ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹೆಸರಿಲ್ಲದ 'ಬೆಳ್ಳಗಾಗುವ' ಕ್ರೀಮು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಗೆ ಅಪರೂಪದ ಒಂದೇ ರೂಪ ಇತ್ತು. ಆ 15ರಲ್ಲಿ 13 ಮಂದಿ ಇಂಥ ಕ್ರೀಮು ಬಳಸಿದ್ದರು. ಅನುಮಾನ ಹೋದದ್ದು ಪಾದರಸದ ಕಡೆಗೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಆರಂಭಿಸಿದ 'ಆಪರೇಷನ್ ಸೌಂದರ್ಯ' ತಪಾಸಣೆಯ ಮೂರನೇ ಹಂತದಲ್ಲಿ, ಕೆಲವು ಲಿಪ್‌ಸ್ಟಿಕ್ ಮತ್ತು ಫೇಸ್‌ಕ್ರೀಮ್‌ಗಳಲ್ಲಿ ಮಿತಿಗಿಂತ 12,000 ಪಟ್ಟು ಪಾದರಸ ಸಿಕ್ಕಿತೆಂದು ಸರ್ಕಾರ 2025ರ ಜನವರಿಯಲ್ಲಿ ಹೇಳಿತು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿಯನ್ನು ಮುಖಕ್ಕೆ ತರಬೇಡಿ. ಕ್ರೀಮು ಬಳಸುವವರಿಗೆ ಮೂತ್ರ ನೊರೆ ನೊರೆಯಾಗಿ, ಕಾಲು ಅಥವಾ ಕಣ್ಣಿನ ಸುತ್ತ ಊದಿದರೆ ಡಬ್ಬಿಯ ಸಮೇತ ವೈದ್ಯರ ಬಳಿ ಹೋಗಿ.

ಬಚ್ಚಿಡುವುದರಿಂದ ಬರುವ ಕಾಯಿಲೆಗಳು

ಕೌಂಟರಿನಲ್ಲಿ ನಾನು ಕಂಡ ತೊಂದರೆಗಳಲ್ಲಿ ಅರ್ಧಕ್ಕರ್ಧ ಬಟ್ಟೆಯಿಂದ ಬಂದವಲ್ಲ, ಬಟ್ಟೆಯನ್ನು ಅಡಗಿಸಿದ್ದರಿಂದ ಬಂದವು. ಜೂನ್‌ನಲ್ಲಿ ಮಳೆ ಹಿಡಿದರೆ ಕೊಚ್ಚಿಯಲ್ಲಿ ಅಂಗಳದಲ್ಲಿ ಹರವಿದ ಬಟ್ಟೆಯೇ ಒಣಗದು. ಬ್ರಾ, ರವಿಕೆಯನ್ನು ಹಗ್ಗಕ್ಕೆ ಹಾಕಲಾಗದೆ, ಬೆವರಿನಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕಪಾಟಿನ ಹಿಂದೆ ಇಟ್ಟರೆ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಮುಂದಿನ ತಿಂಗಳು ಅದನ್ನೇ ತೊಟ್ಟಾಗ ಎದೆಯ ಕೆಳಗೆ, ತೊಡೆಸಂದಿಯಲ್ಲಿ ಹುಳುಕಡ್ಡಿ. ಸಿಲಿಕಾನ್ ಎದೆಯಚ್ಚುಗಳ ಕೆಳಗೂ ಇದೇ ಪಾಡು, ಜೊತೆಗೆ ಭುಜದ ಮೇಲೆ ಪಟ್ಟಿಯ ಭಾರ. ಬಿಸಿನೀರಿನಲ್ಲಿ ಒಗೆಯಿರಿ, ಬಿಸಿಲಿಲ್ಲದಿದ್ದರೆ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಇಸ್ತ್ರಿ ಹಾಕಿ. ಅಚ್ಚನ್ನು ಪ್ರತಿ ಸಲ ಸೋಪುನೀರಿನಲ್ಲಿ ತೊಳೆದು ಒರೆಸಿಡಿ.

ಹುಳುಕಡ್ಡಿಗೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ನಿಯಮ 2018ರಲ್ಲೇ ಬಂತು. ನಿಯಮದ ಪಾಲನೆ ಎಷ್ಟಿದೆ ಎಂಬುದು ನನ್ನ ವೃತ್ತಿಯವರಾದ ನಮಗೆ ಹೆಮ್ಮೆಯ ವಿಷಯವಲ್ಲ.

ಇನ್ನೊಂದು, ಮೂತ್ರ. ಸೀರೆ ಉಟ್ಟು ಗಂಡಸರ ಶೌಚಾಲಯಕ್ಕೆ ಹೋಗಲು ಭಯ, ಹೆಂಗಸರದ್ದಕ್ಕೆ ಹೋಗಲು ಇನ್ನೂ ಭಯ. ಎರ್ನಾಕುಳಂನಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಹೊರಡುವ ಮೊದಲಿನಿಂದಲೇ ನೀರು ಬಿಟ್ಟು, ಇಡೀ ದಿನ ತಡೆದುಕೊಂಡವರು ಉರಿಮೂತ್ರ, ತಲೆನೋವು, ಕಲ್ಲಿನ ನೋವು ಎಂದು ಬರುತ್ತಾರೆ. ನೀರು ಬಿಡಬೇಡಿ. ರೈಲಿನ ಶೌಚಾಲಯಕ್ಕೆ ಗಂಡು ಹೆಣ್ಣೆಂಬ ಫಲಕವಿಲ್ಲ, ಅದನ್ನು ಬಳಸಿಕೊಳ್ಳಿ.

ಗಂಡಸಿನ ಅಂಗ ಕಾಣದಂತೆ ಅಂಟುಪಟ್ಟಿ ಹಾಕಿ ಹಿಂದಕ್ಕೆ ಒತ್ತುವವರು ಚರ್ಮಕ್ಕೆ ಪ್ಲಾಸ್ಟರ್ ಅಂಟಿಸುವ ಬದಲು ಬಿಗಿಯಾದ ಒಳಉಡುಪು ಬಳಸಿ, ಕೆಲವೇ ಗಂಟೆಗಳಲ್ಲಿ ಬಿಡಿಸಿ. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ವಾಂತಿಯಾದರೆ ಅದು ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ನಾಚಿಕೆಗೆ ಸಮಯವಿಲ್ಲ. ಎದೆ ಚಪ್ಪಟೆಯಾಗಿ ಕಾಣಲು ಕಟ್ಟಿಕೊಳ್ಳುವ ಹೆಣ್ಣುಮಕ್ಕಳು ಮತ್ತು ಟ್ರಾನ್ಸ್ ಗಂಡಸರು ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ, ಉಸಿರಾಡಿದಂತೆಲ್ಲ ಅದು ಪಕ್ಕೆಲುಬನ್ನು ಬಿಗಿಯುತ್ತದೆ. ಅದಕ್ಕೆಂದೇ ಹೊಲಿದ ಬೈಂಡರನ್ನೂ 8 ಗಂಟೆಗಿಂತ ಹೆಚ್ಚು ಬೇಡ, ಮಲಗುವಾಗ ಬೇಡ.

ಕೆಲವರು ಬಟ್ಟೆಯಿಂದ ಮಾತ್ರೆಗೆ ಹೋಗುತ್ತಾರೆ. "ಚರ್ಮ ಮೃದುವಾಗುತ್ತದಂತೆ" ಎಂದು ಗರ್ಭನಿರೋಧಕ ಮಾತ್ರೆ ಕೇಳುತ್ತಾರೆ, ಹೆಂಡತಿಗೆಂದು ಹೇಳಿ. ಅದರಲ್ಲಿನ ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಒಂದೇ ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರುಗಟ್ಟುವುದು ತುರ್ತುಸ್ಥಿತಿ. ಹಾರ್ಮೋನ್ ನಿಜವಾಗಿ ಬೇಕೆನಿಸಿದವರಿಗೆ ಹಾರ್ಮೋನ್ ತಜ್ಞರಿದ್ದಾರೆ, ರಕ್ತ ಪರೀಕ್ಷೆ ಮಾಡಿಸಿ ಸರಿಯಾದ ಔಷಧ ಕೊಡುತ್ತಾರೆ. ಟ್ರಾನ್ಸ್‌ಜೆಂಡರ್ ನೀತಿಯನ್ನು ದೇಶದಲ್ಲಿ ಮೊದಲು, 2015ರಲ್ಲಿ, ತಂದ ರಾಜ್ಯ ಕೇರಳ. ಇಲ್ಲಿ ಇದನ್ನು ಕೇಳುವುದು ಹೊಸ ಮಾತಲ್ಲ.

ದೀಪ ಹಿಡಿಯುವವರಿಗೆ

ಪಾಲಿಯೆಸ್ಟರ್ ಸೀರೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಭ್ಯಾಸವಿಲ್ಲದವರ ಸೆರಗು ಎಲ್ಲಿ ಹಾರುತ್ತಿದೆ ಎಂದು ಅವರಿಗೇ ತಿಳಿಯದು. ಹತ್ತಿ ಸೀರೆ ಉಡಿ, ಸೆರಗನ್ನು ಸಿಕ್ಕಿಸಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಪೇಸ್ಟೂ ಬೇಡ, ಮಂಜುಗಡ್ಡೆಯೂ ಬೇಡ, ಅಂಟಿದ ಬಟ್ಟೆ ಕೀಳಬೇಡಿ. ಬರಿಗಾಲಿಗೆ ಏನಾದರೂ ಚುಚ್ಚಿದರೆ, ತುಕ್ಕಿನ ಪಿನ್ನು ತಾಗಿದರೆ ಕೊನೆಯ ಟಿಟಿ ಅಥವಾ ಟಿಡಿ ಚುಚ್ಚುಮದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಐದು ವರ್ಷ ದಾಟಿದ್ದರೆ ಇನ್ನೊಂದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಮನೆಯವರಿಗೆ

ಗಂಡನ ಕಪಾಟಿನಲ್ಲಿ, ಮಗನ ಚೀಲದಲ್ಲಿ ಇಂಥ ಬಟ್ಟೆ ಸಿಕ್ಕಿದರೆ ನಿಮಗೆ ಗಲಿಬಿಲಿಯಾಗುವುದು ಸಹಜ. ಆದರೆ ಬಟ್ಟೆ ಸುಟ್ಟುಹಾಕುವುದರಿಂದ ಅಭ್ಯಾಸ ನಿಲ್ಲುವುದಿಲ್ಲ, ಚೀಲ ಇನ್ನೂ ತೇವದ ಜಾಗಕ್ಕೆ ಹೋಗುತ್ತದೆ, ಅಷ್ಟೆ. 'ಬಿಡಿಸುತ್ತೇವೆ' ಎನ್ನುವವರ ಹತ್ತಿರ ಕರೆದೊಯ್ಯಬೇಡಿ. ಅವರಿಗೋ ನಿಮಗೋ ನಿದ್ದೆ, ಊಟ ಕೆಟ್ಟಿದ್ದರೆ, ಸಾಯುವ ಮಾತು ಬಂದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಅಂಗಡಿಗೆ ಬಂದಾಗ ನಿಮ್ಮ ಕತೆ ಹೇಳಬೇಕಿಲ್ಲ. "ಸೀರೆ ಉಟ್ಟಿದ್ದೆ, ಎಂಟು ಗಂಟೆ, ಲಾಡಿ ಕಟ್ಟಿದ ಜಾಗ ಉರಿಯುತ್ತಿದೆ, ಈ ಕ್ರೀಮು ಹಚ್ಚಿದ್ದೇನೆ" ಎಂದು ಟ್ಯೂಬು ತೋರಿಸಿದರೆ ನಮಗೆ ಬೇಕಾದ್ದೆಲ್ಲ ಅಷ್ಟರಲ್ಲಿದೆ. ಜನ ಹೆಚ್ಚಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ಓದಿ ವಾಪಸ್ ಕೊಡುತ್ತೇವೆ.