ವಚನವಾಙ್ಮಯದ ಪುನರುದ್ಧಾರವೂ ಮಠಗಳ ಕರ್ತವ್ಯವೂ

ಒಂದು ಸಮಾಜವು ತನ್ನ ಹಿರಿಯರ ಹೆಸರುಗಳನ್ನು ನಿತ್ಯವೂ ಭಕ್ತಿಯಿಂದ ಉಚ್ಚರಿಸುತ್ತಿದ್ದರೂ ಅವರು ಆಡಿದ ಮಾತುಗಳನ್ನು ಅರಿಯದೆ ಇರುವ ಸಂಭವವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ನಾಡಿನ ಸ್ಥಿತಿಯು ಬಹುಮಟ್ಟಿಗೆ ಹೀಗೆಯೇ ಇದ್ದಿತು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ ಮೊದಲಾದ ಕಾವ್ಯಗಳ ಪ್ರವಚನಗಳಿಂದ ಶರಣರ ಮಹಿಮೆಗಳು ಆಬಾಲವೃದ್ಧರಿಗೂ ಪರಿಚಿತವಾಗಿದ್ದುವು. ಆದರೆ ಆ ಶರಣರ ಸ್ವಂತ ವಾಣಿಯಾದ ವಚನಗಳಲ್ಲಿ ಕೆಲವು ಮಾತ್ರವೇ ಅಚ್ಚಾಗಿದ್ದುವು. ಮಿಕ್ಕುವೆಲ್ಲವೂ ತಾಳೆಯೋಲೆಯ ಕಟ್ಟುಗಳಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ, ಭಕ್ತರ ಮನೆಗಳ ಜಗುಲಿಯ ಮೇಲೆ ಮೌನವಾಗಿ ಕುಳಿತಿದ್ದುವು. ಆ ಮೌನವು ಹೇಗೆ ಮುರಿಯಿತೆಂಬುದನ್ನು ಈ ಮಹೋತ್ಸವದ ಸಂದರ್ಭದಲ್ಲಿ ಸ್ಮರಿಸಿಕೊಳ್ಳುವುದು ಯುಕ್ತವಾಗಿದೆ.

ವಚನಗಳನ್ನು ಉಳಿಸುವ ಮೊದಲನೆಯ ಮಹಾಪ್ರಯತ್ನವು ನಡೆದುದು ಹದಿನೈದನೆಯ ಶತಮಾನದಲ್ಲಿ. ಕಲ್ಯಾಣದ ವಿಪ್ಲವದಿಂದ ಚದುರಿಹೋಗಿದ್ದ ಶರಣವಾಣಿಯನ್ನು ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಆಯ್ದು, ವಿಷಯಾನುಸಾರವಾಗಿ ಹೊಂದಿಸಿ, ಟೀಕೆಗಳನ್ನು ಬರೆದರು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಭುದೇವರ ಸುತ್ತ ಸಂವಾದರೂಪದಲ್ಲಿ ಪೋಣಿಸಿ ಶೂನ್ಯಸಂಪಾದನೆಯೆಂಬ ಅಪೂರ್ವಗ್ರಂಥವನ್ನು ನಿರ್ಮಿಸಿದನು. ಮುಂದೆ ಎಡೆಯೂರಿನ ತೋಂಟದ ಸಿದ್ಧಲಿಂಗಯತಿಗಳೂ ಅವರ ಶಿಷ್ಯಪರಂಪರೆಯೂ ಈ ಕಾರ್ಯವನ್ನು ಮುಂದುವರಿಸಿದರು. ಮಠಗಳಲ್ಲಿ ಪ್ರತಿಯಿಂದ ಪ್ರತಿಯನ್ನು ತೆಗೆಯುವ ಪದ್ಧತಿಯು ಇದ್ದುದರಿಂದಲೇ ಈ ನಿಧಿಯು ನಮ್ಮವರೆಗೆ ಬಂದಿತೆಂಬುದನ್ನು ಯಾರೂ ಮರೆಯಲಾಗದು.

ಆದರೆ ಓಲೆಗೂ ಆಯುಸ್ಸುಂಟು. ಕಂಠದಿಂದ ಕೊರೆದ ಅಕ್ಷರಗಳಿಗೆ ಕಾಡಿಗೆಯನ್ನು ತೊಡೆದು ಕಾಣುವಂತೆ ಮಾಡಬೇಕು. ಹುಳು, ಗೆದ್ದಲು, ತೇವಗಳಿಂದ ಕಾಪಾಡಬೇಕು. ಶಿಥಿಲವಾಗುವ ಮೊದಲೇ ಹೊಸ ಪ್ರತಿಯನ್ನು ಮಾಡಿಸಬೇಕು. ಈ ಪದ್ಧತಿಯು ಕುಂದುತ್ತ ಬಂದಂತೆ ಕಟ್ಟುಗಳಿಗೆ ಪೂಜೆಯು ಉಳಿಯಿತು, ಓದು ಅಳಿಯಿತು. ವಿಭೂತಿಯನ್ನು ಧರಿಸಿ ಪತ್ರಪುಷ್ಪಗಳನ್ನು ಹೊತ್ತ ಕಟ್ಟನ್ನು ಬಿಚ್ಚಲು ಅನೇಕರು ಅಂಜುತ್ತಿದ್ದರು. ಭಕ್ತಿಯಿಂದಲೇ ಕಾಯಲ್ಪಟ್ಟ ವಸ್ತುವು ಆ ಭಕ್ತಿಯ ಕಣ್ಣೆದುರಿಗೇ ಪುಡಿಯಾಗುವ ಪ್ರಸಂಗವು ಒದಗಿದ್ದಿತು.

ಇಂತಹ ಸಮಯದಲ್ಲಿ ಈ ಕಾರ್ಯಕ್ಕೆ ಕೈಯಿಕ್ಕಿದವರು ಲಿಂಗೈಕ್ಯ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ನ್ಯಾಯಶಾಸ್ತ್ರದ ಪದವಿಯನ್ನು ಪಡೆದು ವಿಜಾಪುರದಲ್ಲಿ ವಕೀಲಿಯನ್ನು ನಡಿಸುತ್ತಿದ್ದರು. ವೃತ್ತಿಯಿಂದ ಬಂದ ದ್ರವ್ಯವನ್ನೂ ಬಿಡುವಿನ ವೇಳೆಯನ್ನೂ ತಾಳೆಗರಿಗಳ ಶೋಧಕ್ಕೆ ಧಾರೆಯೆರೆದು, ಊರೂರು ತಿರುಗಿ, ಮಠಾಧಿಪತಿಗಳನ್ನೂ ಗೃಹಸ್ಥರನ್ನೂ ಕಂಡು, ಬೇಡಿ, ನೂರಾರು ಕಟ್ಟುಗಳನ್ನು ಕೂಡಿಸಿದರು. ಈ ಪರಿಶ್ರಮದ ಮೊದಲ ಫಲವಾಗಿ ವಚನಶಾಸ್ತ್ರಸಾರದ ಪ್ರಥಮಭಾಗವು 1923ರಲ್ಲಿ ಪ್ರಕಟವಾಯಿತು. ಪರರ ಮುದ್ರಣಾಲಯಗಳನ್ನು ನೆಚ್ಚಿ ಇಷ್ಟು ದೊಡ್ಡ ಕಾರ್ಯವು ಸಾಗದೆಂದು ಕಂಡು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮಿಕ್ಕಿ ನಡಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಇವರನ್ನು ಅರಸಿಕೊಂಡು ಬಂದಿತು. ಹರಿಹರನ ರಗಳೆಗಳೂ ಶೂನ್ಯಸಂಪಾದನೆಯೂ ಇವರ ಕೈಯಿಂದ ಅಚ್ಚಿನ ರೂಪವನ್ನು ತಳೆದುವು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಇವರ ಕಾಯಕವು ಇದೊಂದೇ ಆಗಿದ್ದಿತೆಂದರೆ ಅತಿಶಯೋಕ್ತಿಯಾಗದು.

ಈ ಶೋಧದಲ್ಲಿ ದೊರೆತ ಅತ್ಯಂತ ಬೆಲೆಯುಳ್ಳ ಲಾಭವಾವುದೆಂದರೆ ಮರೆತುಹೋದ ಗ್ರಂಥಕರ್ತರ ಪುನರ್ದರ್ಶನ. ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಅನೇಕ ಕಡೆ ಬರೆದವರ ಹೆಸರೂ ಇಲ್ಲ. ವಚನದ ಕೊನೆಯಲ್ಲಿ ಬರುವ ಅಂಕಿತವೇ ಅಲ್ಲಿ ಕೈದೀವಿಗೆ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರನೆಂದೊಡನೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದೊಡನೆ ಅಕ್ಕಮಹಾದೇವಿಯವರು, ರಾಮನಾಥನೆಂದೊಡನೆ ದೇವರ ದಾಸಿಮಯ್ಯನವರು ನಮ್ಮೆದುರು ನಿಲ್ಲುವರು. ಹೀಗೆ ಅಂಕಿತವನ್ನು ಹಿಡಿದು ವಿಂಗಡಿಸುತ್ತ ಹೋದಂತೆ, ಬೆರಳೆಣಿಕೆಯ ಪ್ರಸಿದ್ಧರ ಹಿಂದೆ ಇನ್ನೂರಕ್ಕೂ ಮಿಕ್ಕ ವಚನಕಾರರಿದ್ದರೆಂಬುದು ಕ್ರಮೇಣ ಬೆಳಕಿಗೆ ಬಂದಿತು. ಅವರಲ್ಲಿ ಅಂಬಿಗರ ಚೌಡಯ್ಯನುಂಟು, ಡೋಹರ ಕಕ್ಕಯ್ಯನುಂಟು, ಸತ್ಯಕ್ಕ ಮುಕ್ತಾಯಕ್ಕರುಂಟು, ಸೂಳೆ ಸಂಕವ್ವೆಯೂ ಉಂಟು. ಎಷ್ಟೋ ಜನರ ಅಂಕಿತಗಳು ಮಾತ್ರ ಉಳಿದು ಹೆಸರುಗಳು ಅಳಿದುಹೋಗಿವೆ. ಹನ್ನೆರಡನೆಯ ಶತಮಾನದಲ್ಲಿ ದೋಣಿಯ ಹುಟ್ಟನ್ನು ಹಿಡಿದ ಕೈಯೂ ಕನ್ನಡದ ಸಾಹಿತ್ಯವನ್ನು ಕಟ್ಟಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕೆ?

ಇಂತಹ ಗ್ರಂಥಗಳು ಪಂಡಿತರಿಗೆ ಮಾತ್ರವೇ ಮೀಸಲೆಂದು ಭಾವಿಸಲಾಗದು. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನೇ ನೋಡಿರಿ. ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡಿಸುವುದು ಈ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆಯಲು, ಸತಿಯಾದ ಲಕ್ಕಮ್ಮನು ಕಾಯಕವು ನಿಂತಿತೆಂದು ಎಚ್ಚರಿಸುತ್ತಾಳೆ. ಆತನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡದೆ, ತಮಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ತಿಳುಹಿ, ಮಿಕ್ಕುದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಹೇಳುತ್ತಾಳೆ. ಈ ಕಥೆಯನ್ನು ಕೇಳಿದ ಬಾಲಕನಿಗೆ ಪ್ರಾಮಾಣಿಕತೆಯ ಪಾಠವಾಗುವುದು. ಸಂಸಾರಿಗೆ ತನ್ನ ಉಗ್ರಾಣವು ನೆನಪಾಗುವುದು. ವೃದ್ಧನಿಗೆ ವೈರಾಗ್ಯದ ಅರ್ಥವು ಹೊಳೆಯುವುದು. ಓಲೆಯ ಕಟ್ಟು ಬಿಚ್ಚದೆ ಇದ್ದಿದ್ದರೆ ಆ ತಾಯಿಯ ಮಾತು ನಮ್ಮ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ.

ಇದೇ ಕಾಲದಲ್ಲಿ ಇನ್ನೊಬ್ಬ ಮಹನೀಯರ ಸೇವೆಯನ್ನೂ ನೆನೆಯಬೇಕು. ಕ್ರೈಸ್ತ ಧರ್ಮೋಪದೇಶಕರಾಗಿದ್ದ ಉತ್ತಂಗಿ ಚೆನ್ನಪ್ಪನವರು, ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಹರಡಿದ್ದ ಸರ್ವಜ್ಞನ ತ್ರಿಪದಿಗಳನ್ನು ಹಳ್ಳಿಹಳ್ಳಿಗಳಲ್ಲಿ ತಿರುಗಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಮುಂದೆ ವಚನಗಳ ಸಂಪಾದನೆಯಲ್ಲಿಯೂ ದುಡಿದರು. ಶರಣರ ಮಾತು ಒಂದು ಮತದವರ ಸ್ವತ್ತಲ್ಲವೆಂಬುದನ್ನು ಅವರ ಬಾಳೇ ಸಾರುತ್ತದೆ.

ಹಳಕಟ್ಟಿಯವರು ಹಾಕಿದ ಅಡಿಗಲ್ಲಿನ ಮೇಲೆ ಅನೇಕ ವಿದ್ವಾಂಸರು ಕಟ್ಟಡವನ್ನೆತ್ತಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದು ಸುಲಭಬೆಲೆಗೆ ಜನರ ಕೈಗಿತ್ತಿತು. ಆದರೂ ಕೆಲಸವು ಮುಗಿಯಿತೆಂದು ನಾವು ಸುಮ್ಮನಿರುವಂತಿಲ್ಲ. ಒಂದೇ ವಚನಕ್ಕೆ ಪ್ರತಿಯಿಂದ ಪ್ರತಿಗೆ ಪಾಠಭೇದಗಳುಂಟು. ಹಿಂದಿನವರ ಹೆಸರಿನಲ್ಲಿ ಮುಂದಿನವರು ಸೇರಿಸಿದ ಮಾತುಗಳೂ ಉಂಟು. ಇವನ್ನು ಬೇರ್ಪಡಿಸಲು ಪ್ರತಿಯೊಂದು ಹಳೆಯ ಕಟ್ಟೂ ಸಾಕ್ಷಿಯಾಗಿ ಬೇಕಾಗುವುದು. ಆದುದರಿಂದ ಯಾವ ಮಠದಲ್ಲಿ, ಯಾರ ಮನೆಯಲ್ಲಿ ಓಲೆಗಳಿದ್ದರೂ ಅವುಗಳ ಪಟ್ಟಿಯಾಗಬೇಕು, ಛಾಯಾಪ್ರತಿಗಳಾಗಬೇಕು, ಬಲ್ಲವರು ಓದುವಂತಾಗಬೇಕು.

ಅನ್ನದಾಸೋಹ, ಜ್ಞಾನದಾಸೋಹಗಳೆರಡೂ ಮಠದ ಎರಡು ಕಣ್ಣುಗಳು. ಕಟ್ಟನ್ನು ಪೂಜಿಸುವ ಕೈಯೇ ಅದನ್ನು ಬಿಚ್ಚಿ ಓದುವ ಕೈಯೂ ಆಗಲಿ. ಈ ಶ್ರೀಮಠದ ಮಹೋತ್ಸವವನ್ನು ಕಂಡ ಮಕ್ಕಳು ಮನೆಗೆ ಹಿಂದಿರುಗುವಾಗ ಪ್ರಸಾದದೊಡನೆ ಒಬ್ಬ ಶರಣನ ಹೆಸರನ್ನೂ ಒಬ್ಬ ಶರಣೆಯ ಮಾತನ್ನೂ ತಮ್ಮೊಡನೆ ಒಯ್ಯುವಂತಾಗಲೆಂದು ಹಾರೈಸುತ್ತ ಈ ಅಲ್ಪಲೇಖನವನ್ನು ಶ್ರೀಗುರುಚರಣಗಳಿಗೆ ಅರ್ಪಿಸುತ್ತೇನೆ.