ಕಡಲೂರು ದಿಗ್ಬಂಧನ (1783)

ಎರಡನೆಯ ಮೈಸೂರು ಯುದ್ಧದ (1780–84) ಕೊನೆಯ ಹಂತದಲ್ಲಿ ಬ್ರಿಟಿಷ್ ನೌಕಾಪಡೆ ಕೋರಮಂಡಲ ಕರಾವಳಿಯ ಕಡಲೂರಿಗೆ ಹಾಕಿದ ತಡೆ. 1783ರ ಜೂನ್ 17ರ ರಾತ್ರಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ತನ್ನ 15 ಯುದ್ಧನೌಕೆಗಳೊಂದಿಗೆ ಈ ತಡೆಯನ್ನು ದಾಟಿ ಊರಿನೆದುರು ಲಂಗರು ಹಾಕಿದನು. ಯುರೋಪಿನ ಗ್ರಂಥಗಳು ಇದನ್ನು ಬ್ರಿಟಿಷ್–ಫ್ರೆಂಚ್ ಪೈಪೋಟಿಯ ಒಂದು ಅಧ್ಯಾಯವೆಂದು ಕಂಡಿವೆ. ಕಡಲೂರಿನ ರಕ್ಷಣೆಯಲ್ಲಿ ಮೈಸೂರಿನ ಸೈನಿಕರೂ ಇದ್ದರು. ಘಟನೆಯ ಫಲವನ್ನು ಕೊನೆಗೆ ಅನುಭವಿಸಿದ್ದು ಮಂಗಳೂರಿನ ಮುಂದೆ ಬೀಡುಬಿಟ್ಟಿದ್ದ ಟಿಪ್ಪು ಸುಲ್ತಾನನ ಸೇನೆ.

ಹಿನ್ನೆಲೆ

ಮೈಸೂರಿನ ಅಧಿಪತಿ ಹೈದರಾಲಿಯ ಬಲ ಬೆಳೆದದ್ದು ಒಳನಾಡಿನಲ್ಲಿ. 1760ರ ದಶಕದ ಆರಂಭದಲ್ಲಿ ಚಿಕ್ಕಬಳ್ಳಾಪುರದ ಪಾಳೆಯಗಾರರನ್ನು ಮಣಿಸಿ ನಂದಿ ಸೀಮೆಯ ಗಿರಿದುರ್ಗಗಳನ್ನು ಹಿಡಿದ ಸೇನೆಗೆ ಕುದುರೆ ಮತ್ತು ಕಾಲಾಳುಗಳೇ ಆಧಾರ. ಪಶ್ಚಿಮ ಕರಾವಳಿಯಲ್ಲಿ ಅವನು ಹಡಗುಗಳನ್ನು ಕಟ್ಟಿಸಿದನಾದರೂ 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಅವನ್ನು ನಾಶಮಾಡಿದನು. ಅಲ್ಲಿಂದ ಮುಂದೆ ಸಮುದ್ರದ ಮಟ್ಟಿಗೆ ಮೈಸೂರು ಫ್ರೆಂಚರನ್ನೇ ನೆಚ್ಚಬೇಕಾಯಿತು.

ಈ ನೆಚ್ಚಿಕೆಯ ಅಪಾಯ ಎರಡೇ ತಿಂಗಳಲ್ಲಿ ಕಂಡಿತು. 1781ರ ಫೆಬ್ರವರಿಯಲ್ಲಿ ಐರ್ ಕೂಟ್‌ನ ಬ್ರಿಟಿಷ್ ಸೇನೆ ಇದೇ ಕಡಲೂರಿನ ಬಳಿ ಸಿಕ್ಕಿಬಿದ್ದಿತ್ತು. ನೆಲದ ದಾರಿಗಳನ್ನು ಹೈದರ್ ಮುಚ್ಚಿದ್ದನು. ದವಸ ಬರಬೇಕಾದದ್ದು ಸಮುದ್ರದಿಂದ. ಆಗ ಕರಾವಳಿಯಲ್ಲಿದ್ದ ಫ್ರೆಂಚ್ ನೌಕಾಧಿಪತಿ ಡೋರ್ವ್, ಉಳಿಯಬೇಕೆಂದು ಹೈದರ್ ಕೇಳಿಕೊಂಡರೂ ನಿಲ್ಲದೆ, ಮಾರಿಷಸ್ ಕಡೆಗೆ ಹೊರಟುಹೋದನು. ಕೂಟ್‌ಗೆ ಆಹಾರ ತಲುಪಿತು. ಅದೇ ವರ್ಷದ ಜುಲೈ 1ರಂದು ಪರಂಗಿಪೇಟೆಯಲ್ಲಿ ಅವನು ಹೈದರನನ್ನು ಸೋಲಿಸಿದನು. ಯುದ್ಧದ ಗತಿ ತಿರುಗಿದ್ದು ಆ ಹಡಗುಗಳು ಹೊರಟ ದಿನವೇ ಎಂದರೆ ತಪ್ಪಲ್ಲ.

1782ರಲ್ಲಿ ಸಫ್ರೆನ್ ಬಂದ ಮೇಲೆ ಸ್ಥಿತಿ ಬದಲಾಯಿತು. ಏಪ್ರಿಲ್ ತಿಂಗಳಲ್ಲಿ ಫ್ರೆಂಚ್ ಮತ್ತು ಮೈಸೂರು ಪಡೆಗಳು ಕಡಲೂರನ್ನು ಹಿಡಿದವು. ಜುಲೈ ಕೊನೆಯಲ್ಲಿ ಹೈದರ್ ಮತ್ತು ಸಫ್ರೆನ್ ಅದರ ಸಮೀಪ ಭೇಟಿಯಾದರು. ಆ ವರ್ಷ ಸಫ್ರೆನ್ ಮತ್ತು ಹ್ಯೂಸ್ ನಾಲ್ಕು ಸಲ ಕಾದಾಡಿದರು. ಡಿಸೆಂಬರ್ 7ರಂದು ಹೈದರ್ ಚಿತ್ತೂರಿನ ಬಳಿಯ ಬೀಡಿನಲ್ಲಿ ತೀರಿಕೊಂಡನು.

ಮುತ್ತಿಗೆ

1783ರ ಆರಂಭದಲ್ಲಿ ಬಿದನೂರು ಬ್ರಿಟಿಷರ ವಶವಾಯಿತು. ಅದನ್ನು ಮರಳಿ ಪಡೆಯಲು ಹೈದರನ ಮಗ ಟಿಪ್ಪು ಪಶ್ಚಿಮಕ್ಕೆ ತಿರುಗಿದನು; ಹೊರಡುವಾಗ ಸಯ್ಯದ್ ಸಾಹೇಬನ ಕೈಕೆಳಗೆ ಒಂದು ಪಡೆಯನ್ನು ಫ್ರೆಂಚರ ಜೊತೆಗೆ ಬಿಟ್ಟನು. ಮಾರ್ಚಿನಲ್ಲಿ ಫ್ರೆಂಚ್ ಸೇನಾಪತಿ ಬುಸ್ಸಿ ತ್ರಿಕೋಣಮಲೆಗೆ ಬಂದಿಳಿದನು. ಸಫ್ರೆನ್ ವೇಗದ ಹಡಗುಗಳಲ್ಲಿ ಅವನ ದಂಡನ್ನು ಪರಂಗಿಪೇಟೆಗೆ ತಲುಪಿಸಿ, ಹ್ಯೂಸ್‌ನ ಕೈಗೆ ಸಿಗದೆ ಹಿಂದಿರುಗಿದನು. ಜೂನ್ ಮೊದಲ ವಾರದಲ್ಲಿ ಬ್ರಿಟಿಷ್ ಜನರಲ್ ಜೇಮ್ಸ್ ಸ್ಟುವರ್ಟ್ ಕಡಲೂರಿನ ಮುಂದೆ ಬಂದನು. ಜೂನ್ 13ರ ಕಾಳಗದಲ್ಲಿ ಬ್ರಿಟಿಷರ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಸಾವಿರದಷ್ಟು ಜನ. ಆದರೂ ಬುಸ್ಸಿ ಊರೊಳಗೆ ಸರಿಯಬೇಕಾಯಿತು. ಸಮುದ್ರದಲ್ಲಿ ಹ್ಯೂಸ್‌ನ 18 ಯುದ್ಧನೌಕೆಗಳು ಸ್ಟುವರ್ಟ್‌ನ ದವಸ-ಮದ್ದುಗುಂಡಿನ ಹಡಗುಗಳನ್ನು ಕಾಯುತ್ತ ನಿಂತಿದ್ದವು.

ತಡೆ ದಾಟಿದ ಬಗೆ

ಬುಸ್ಸಿಯ ಮೊರೆ ತಲುಪಿದ ಮರುದಿನವೇ, ಜೂನ್ 11ರಂದು, ಸಫ್ರೆನ್ ತ್ರಿಕೋಣಮಲೆಯಿಂದ ಹೊರಟನು. 13ರಂದು ಹ್ಯೂಸ್‌ನ ಹಡಗುಗಳು ಕಣ್ಣಿಗೆ ಬಿದ್ದವು. ಎರಡು ದಿನ ಗಾಳಿ ನೆಟ್ಟಗೆ ಬೀಸಲಿಲ್ಲ. ಹಾಯಿಹಡಗುಗಳ ಕಾಲದಲ್ಲಿ ಗಾಳಿ ಬರುವ ದಿಕ್ಕಿನಲ್ಲಿದ್ದವನಿಗೆ ಯಾವಾಗ, ಎಷ್ಟು ದೂರದಿಂದ ಹೊಡೆಯಬೇಕೆಂಬ ಆಯ್ಕೆ ಇರುತ್ತಿತ್ತು. ಮುಂಗಾರಿನ ಗಾಳಿ ಮತ್ತೆ ಎದ್ದು ಸಫ್ರೆನ್ ಸಮೀಪಿಸಿದಾಗ, ಲಂಗರಿನಲ್ಲೇ ನಿಂತು ಏಟು ತಿನ್ನಲು ಒಪ್ಪದ ಹ್ಯೂಸ್ ಅನುಕೂಲ ಗಾಳಿಯನ್ನು ಅರಸಿ ಹೊರಸಮುದ್ರಕ್ಕೆ ಸರಿದನು. ಸಫ್ರೆನ್ ಅವನ ಬೆನ್ನುಹತ್ತಿ ದೂರ ಹೋಗಲಿಲ್ಲ. ಒಂದು ರಾತ್ರಿ, ಒಂದು ಹಗಲು ಎರಡೂ ಪಡೆಗಳು ಸುತ್ತಾಡಿದ ಮೇಲೆ, 17ರ ರಾತ್ರಿ ಎಂಟರ ಹೊತ್ತಿಗೆ ಫ್ರೆಂಚರು ತೆರವಾದ ಜಾಗದಲ್ಲಿ ಲಂಗರು ಇಳಿಸಿದರು.

ದಾಟಿ ಬಂದ ಹಡಗುಗಳಲ್ಲಿ ಫಿರಂಗಿಗಳಿಗೆ ಬೇಕಾದಷ್ಟು ಜನರಿರಲಿಲ್ಲ. ಬುಸ್ಸಿ ತನ್ನ ದಂಡಿನಿಂದ 1,200 ಜನರನ್ನು ಕೊಟ್ಟನು. ಮುತ್ತಿಗೆಯಲ್ಲಿದ್ದ ಊರು ತನ್ನ ರಕ್ಷಕರನ್ನೇ ಸಮುದ್ರಕ್ಕೆ ಕಳಿಸಿದ ಈ ನಿರ್ಧಾರ, ತಡೆ ದಾಟಿದಷ್ಟೇ ಮಹತ್ವದ್ದು. 20ರಂದು ಸಂಜೆ ನಾಲ್ಕೂಕಾಲಿಗೆ ಕಾಳಗ ಆರಂಭವಾಗಿ ಎರಡು ಗಂಟೆಗೂ ಹೆಚ್ಚು ನಡೆಯಿತು. ಎರಡೂ ಕಡೆ ಸತ್ತವರ ಸಂಖ್ಯೆ ನೂರರ ಆಸುಪಾಸು. ಯಾರ ಹಡಗೂ ಮುಳುಗಲಿಲ್ಲ. ಆದರೆ ನೀರಿನ ಕೊರತೆ ಮತ್ತು ಸ್ಕರ್ವಿ ರೋಗದಿಂದ ಬಳಲಿದ್ದ ಹ್ಯೂಸ್‌ನ ಪಡೆ ಮದ್ರಾಸಿಗೆ ಹಿಂದಿರುಗಿತು. ಸ್ಟುವರ್ಟ್‌ನ ಸೇನೆಗೆ ಕಡಲಿನ ಆಸರೆ ತಪ್ಪಿತು.

ವಿವಾದಗಳು

ಹ್ಯೂಸ್ ಜಾಗ ಬಿಟ್ಟದ್ದು ಸರಿಯೇ ಎಂಬುದು ಹಳೆಯ ಚರ್ಚೆ. ಅಮೆರಿಕದ ನೌಕಾ ಇತಿಹಾಸಕಾರ ಆಲ್ಫ್ರೆಡ್ ಮಹಾನ್ 1890ರ ಗ್ರಂಥದಲ್ಲಿ, ಲಂಗರಿನಲ್ಲಿ ನಿಂತು ಕಾದದಿದ್ದುದು ಸರಿ, ಆದರೆ ಶತ್ರುವಿನ ನೌಕೆ ಮತ್ತು ಸೇನೆ ಒಂದಾಗದಂತೆ ತಡೆಯುವುದಕ್ಕಿಂತ ಗಾಳಿಯ ಅನುಕೂಲಕ್ಕೆ ಹೆಚ್ಚು ಬೆಲೆ ಕೊಟ್ಟದ್ದು ತಪ್ಪು ಎಂದು ವಾದಿಸುತ್ತಾನೆ. ಹ್ಯೂಸ್‌ನ ಪರವಾಗಿ ಅವನ ಹಡಗುಗಳ ರೋಗಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜೂನ್ 25ರಂದು ಕೋಟೆಯವರು ಹೊರಬಂದು ನಡೆಸಿದ ದಾಳಿ ವಿಫಲವಾಯಿತು. ಅದರಲ್ಲಿ ಗಾಯಗೊಂಡು ಸೆರೆಸಿಕ್ಕ ಫ್ರೆಂಚ್ ಸಾರ್ಜೆಂಟನೇ ಮುಂದೆ ಸ್ವೀಡನ್ನಿನ ರಾಜನಾದ ಬರ್ನಡಾಟ್ ಎಂಬ ಕಥೆಯನ್ನು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಬರ್ನಡಾಟ್‌ನ ಸೇವಾ ವಿವರಗಳಿಗೆ ಇದು ಹೊಂದುವುದಿಲ್ಲವೆಂದು ಅನೇಕ ಇತಿಹಾಸಕಾರರು ಒಪ್ಪಿಲ್ಲ.

ಪರಿಣಾಮ

ಜೂನ್ 29ರಂದು ಮದ್ರಾಸಿನಿಂದ ಬಂದ ಹಡಗು ಯುರೋಪಿನಲ್ಲಿ ಬ್ರಿಟಿಷ್–ಫ್ರೆಂಚ್ ಸಂಧಿಯಾದ ಸುದ್ದಿ ತಂದಿತು. ಪ್ರಾಥಮಿಕ ಒಪ್ಪಂದಕ್ಕೆ ಜನವರಿ 20ರಂದೇ ಸಹಿಯಾಗಿತ್ತು. ಕಡಲೂರಿನ ರಕ್ತವೆಲ್ಲ ಅದಾದ ಐದು ತಿಂಗಳಿಗೆ ಹರಿದದ್ದು. ಬುಸ್ಸಿ ಯುದ್ಧ ನಿಲ್ಲಿಸಿದನು. ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿಯೂ ಹೋರಾಟದಿಂದ ಹಿಂದೆ ಸರಿಯಿತು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ 1784ರ ಜನವರಿ ಕೊನೆಯಲ್ಲಿ ಕೋಟೆಯನ್ನು ಪಡೆದನು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು.

ಸಫ್ರೆನ್‌ನ ಸಾಹಸ ಬುಸ್ಸಿಯನ್ನು ಉಳಿಸಿತು, ಮೈಸೂರಿಗೆ ಶಾಶ್ವತ ಲಾಭ ತರಲಿಲ್ಲ. ಸ್ವಂತ ನೌಕಾಬಲವಿಲ್ಲದ ರಾಜ್ಯಕ್ಕೆ ಮಿತ್ರನ ಗೆಲುವೂ ಮಿತ್ರನ ಸಂಧಿಯೊಂದಿಗೆ ಮುಗಿಯುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಫ್ರೆಂಚ್ ನೌಕಾಪಡೆ ಟಿಪ್ಪುವಿನ ನೆರವಿಗೆ ಬರಲಿಲ್ಲ. 1791ರ ಅಕ್ಟೋಬರಿನಲ್ಲಿ, ಹೈದರನ ಬಲ ಬೆಳೆದಿದ್ದ ಒಳನಾಡಿನ ನಂದಿದುರ್ಗವೂ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ವಶವಾಯಿತು.