ಬರೆ ಹಾಕುವುದರಿಂದ ಬರೆದಿಡುವುದರವರೆಗೆ

ಕಾಮಾಲೆಯಾದವರ ಮುಂಗೈಗೆ ಬರೆ ಹಾಕಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ನನ್ನ ಅಜ್ಜಿಯ ಕೈಮೇಲೂ ಅಂಥ ಒಂದು ಗುರುತಿತ್ತು. "ಬರೆ ಹಾಕಿಸಿದ ಮೇಲೆ ವಾಸಿಯಾಯಿತು" ಎಂದು ಅವರು ಹೇಳುತ್ತಿದ್ದರು. ಆಗಷ್ಟೇ ಬಿ.ಎಸ್ಸಿ. ಸೇರಿದ್ದ ನಾನು, "ಹಾಕಿಸದಿದ್ದರೂ ವಾಸಿಯಾಗುತ್ತಿತ್ತೋ ಏನೋ ಅಜ್ಜಿ, ಯಾರಿಗೆ ಗೊತ್ತು?" ಎಂದರೆ ನಕ್ಕು ಸುಮ್ಮನಾಗುತ್ತಿದ್ದರು. ವೈರಾಣುವಿನಿಂದ ಬರುವ ಕಾಮಾಲೆ ಎಷ್ಟೋ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಬರೆಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ತೆಳ್ಳನೆಯ ಸೂಜಿಯೊಂದನ್ನು ಯಕೃತ್ತಿನೊಳಗೆ ತೂರಿಸಿ, ಅದರ ತುದಿಯ ಶಾಖದಿಂದ ಕ್ಯಾನ್ಸರ್ ಗಡ್ಡೆಯನ್ನು ಸುಡುತ್ತಾರೆ. ಅದೂ ಸುಡುವುದೇ, ಇದೂ ಸುಡುವುದೇ. ಹಾಗಾದರೆ ಒಂದನ್ನು ಮೌಢ್ಯವೆಂದೂ ಇನ್ನೊಂದನ್ನು ವಿಜ್ಞಾನವೆಂದೂ ಕರೆಯುವುದು ಯಾವ ನ್ಯಾಯ? ಈ ಪ್ರಶ್ನೆಗೆ ಉತ್ತರ ಉಪಕರಣದಲ್ಲಿಲ್ಲ. ಎಷ್ಟು ಸುಟ್ಟೆವು, ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂಬುದನ್ನು ಬರೆದಿಟ್ಟು ಎಲ್ಲರ ಮುಂದಿಡುವುದರಲ್ಲಿದೆ. ಆ ಬರವಣಿಗೆಯ ಚರಿತ್ರೆಯನ್ನು ಇಲ್ಲಿ ನೋಡೋಣ.

ಹಳೆಯ ದಾಖಲೆಗಳು

ಈಜಿಪ್ಟಿನ 'ಎಡ್ವಿನ್ ಸ್ಮಿತ್ ಪಪೈರಸ್' ಸುಮಾರು 3600 ವರ್ಷ ಹಳೆಯ ಪ್ರತಿ. ಅದರಲ್ಲಿ 48 ರೋಗಿಗಳ ವಿವರಗಳಿವೆ. ಎದೆಯ ಮೇಲಿನ ಕೆಲವು ಬಾವುಗಳನ್ನು ಬೆಂಕಿ ಕಡೆಯುವ ಕೋಲಿನಿಂದ ಸುಡುವ ಕ್ರಮ ಅಲ್ಲಿದೆ. ಮುಟ್ಟಿದರೆ ತಣ್ಣಗಿರುವ, ಉಬ್ಬಿದ ಇನ್ನೊಂದು ಬಗೆಯ ಗಡ್ಡೆಗೆ ಮಾತ್ರ ಚಿಕಿತ್ಸೆಯೇ ಇಲ್ಲವೆಂದು ಬರೆದವನು ಒಪ್ಪಿಕೊಂಡಿದ್ದಾನೆ. ಸೋಲನ್ನೂ ದಾಖಲಿಸಿದ ಈ ಪ್ರಾಮಾಣಿಕತೆ ಗಮನಾರ್ಹ.

ನಮ್ಮ 'ಸುಶ್ರುತ ಸಂಹಿತೆ'ಯ ಸೂತ್ರಸ್ಥಾನದಲ್ಲಿ 'ಅಗ್ನಿಕರ್ಮ'ಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಹಿಪ್ಪಲಿ, ಲೋಹದ ಶಲಾಕೆ, ಬೆಲ್ಲ, ಜೇನು, ಎಣ್ಣೆ ಹೀಗೆ ಶಾಖವನ್ನು ಹಿಡಿದಿಡುವ ಹಲವು ಸಾಧನಗಳನ್ನು ಅದು ಹೆಸರಿಸುತ್ತದೆ. ಚರ್ಮಕ್ಕೆ ಒಂದು, ಮಾಂಸಕ್ಕೆ ಇನ್ನೊಂದು ಎಂದು ವಿಂಗಡಿಸುತ್ತದೆ. ಗ್ರಂಥಿ, ಅರ್ಬುದಗಳೂ ಸುಡಬಹುದಾದ ರೋಗಗಳ ಪಟ್ಟಿಯಲ್ಲಿವೆ. ಯಾವ ವಸ್ತು ಎಷ್ಟು ಆಳಕ್ಕೆ ಶಾಖ ಒಯ್ಯುತ್ತದೆ ಎಂಬ ಯೋಚನೆ ಆಗಲೇ ಹುಟ್ಟಿತ್ತು. ಇಲ್ಲದಿದ್ದದ್ದು ಅಳತೆಗೋಲು ಮಾತ್ರ.

ಜ್ವರ ಕಲಿಸಿದ ಪಾಠ

1866ರಲ್ಲಿ ಜರ್ಮನಿಯ ಬಾನ್ ನಗರದ ಶಸ್ತ್ರವೈದ್ಯ ವಿಲ್‌ಹೆಲ್ಮ್ ಬುಶ್ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಮುಖದ ಮೇಲೆ ಸಾರ್ಕೋಮ ಗಡ್ಡೆಯಿದ್ದ ಮಹಿಳೆಯೊಬ್ಬರಿಗೆ ಚರ್ಮ ಕೆಂಪಾಗಿ ಊದಿಕೊಳ್ಳುವ ಎರಿಸಿಪೆಲಸ್ ಸೋಂಕು ತಗಲಿ ತೀವ್ರ ಜ್ವರ ಬಂತು. ಜ್ವರ ಬಿಟ್ಟಾಗ ಗಡ್ಡೆಯೂ ಕರಗಿತ್ತು.

ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ ಇಂಥ ಘಟನೆಗಳ ಬೆನ್ನುಹತ್ತಿದರು. 1891ರಲ್ಲಿ ರೋಗಿಗಳಿಗೆ ಬೇಕೆಂದೇ ಸೋಂಕು ತಗಲಿಸಿದರು. 1893ರಲ್ಲಿ ಹತ್ತು ರೋಗಿಗಳ ವರದಿ ಪ್ರಕಟಿಸಿದರು. ಬಳಿಕ ಸತ್ತ ಬ್ಯಾಕ್ಟೀರಿಯಾದಿಂದ ಮಾಡಿದ 'ಕೋಲಿ ಟಾಕ್ಸಿನ್' ಬಳಸಿದರು. ಕೆಲವರು ನಿಜಕ್ಕೂ ಗುಣವಾದರು. ಆದರೆ ಔಷಧ ಒಂದು ಕಡೆ ತಯಾರಾದಂತೆ ಇನ್ನೊಂದು ಕಡೆ ಇರುತ್ತಿರಲಿಲ್ಲ, ಪ್ರಮಾಣವೂ ಒಂದೇ ತೆರನಾಗಿರಲಿಲ್ಲ, ಹೋಲಿಸಿ ನೋಡಲು ಔಷಧ ಪಡೆಯದ ರೋಗಿಗಳ ಗುಂಪೂ ಇರಲಿಲ್ಲ. ಅಷ್ಟರಲ್ಲಿ ಎಕ್ಸ್-ರೇ ಚಿಕಿತ್ಸೆ ಬಂದು ಎಲ್ಲರ ಕಣ್ಣು ಅತ್ತ ತಿರುಗಿತು. 1936ರಲ್ಲಿ ಕೋಲಿ ತೀರಿಕೊಂಡರು. ಅವರ ಮಗಳು ಹೆಲೆನ್ ಕೋಲಿ ನಾಟ್ಸ್ ತಂದೆಯ ಹಳೆಯ ಕಡತಗಳನ್ನು ಜಾಲಾಡಿ ಒಂದೊಂದೇ ರೋಗಿಯ ಚರಿತ್ರೆಯನ್ನು ಜೋಡಿಸಿದರು. 1953ರಲ್ಲಿ ಅವರು ಆರಂಭಿಸಲು ನೆರವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂದಿಗೂ ಇದೆ. ಕೋಲಿಯ ರೋಗಿಗಳಲ್ಲಿ ಕೆಲಸ ಮಾಡಿದ್ದು ಜ್ವರದ ಶಾಖಕ್ಕಿಂತ ಹೆಚ್ಚಾಗಿ ದೇಹದ ರೋಗನಿರೋಧಕ ಶಕ್ತಿ ಎಂಬುದು ಇಂದಿನ ಅಭಿಪ್ರಾಯ.

ಸ್ವೀಡನ್ನಿನ ವೆಸ್ಟರ್‌ಮಾರ್ಕ್ ಇನ್ನೊಂದು ದಾರಿ ಹಿಡಿದರು. 1898ರ ಅವರ ಪ್ರಬಂಧದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಬಿಸಿನೀರು ಹರಿಯುವ ಲೋಹದ ಸುರುಳಿಯಿಂದ ಶಾಖ ಕೊಟ್ಟ ವಿವರವಿದೆ. ಇಲ್ಲಿ ಗಡ್ಡೆಯನ್ನು ಸುಡುವುದಲ್ಲ, ಹದವಾಗಿ ಕಾಯಿಸುವುದು. ಕಾಯಿಸುವುದು, ಸುಡುವುದು ಎಂಬ ಈ ಎರಡು ಕವಲುಗಳನ್ನು ನೆನಪಿಡಿ.

ವಿದ್ಯುತ್ತು ಬಂತು

ಪ್ರತಿ ಸೆಕೆಂಡಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಸ್ನಾಯುಗಳನ್ನು ಸೆಳೆಯದೆಯೇ ದೇಹದಲ್ಲಿ ಹಾದುಹೋಗುತ್ತದೆ ಎಂದು 1891ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ತೋರಿಸಿದರು. ಅಂಥ ವಿದ್ಯುತ್ತು ಷಾಕ್ ಹೊಡೆಯುವುದಿಲ್ಲ, ಶಾಖ ಮಾತ್ರ ಹುಟ್ಟಿಸುತ್ತದೆ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಪ್ರಸಿದ್ಧ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ರೂಪಿಸಿದ ಯಂತ್ರ ಬಳಸಿ ರೋಗಿಯೊಬ್ಬನ ತಲೆಯ ಗಡ್ಡೆ ತೆಗೆದರು. ಕೆಲವೇ ದಿನಗಳ ಹಿಂದೆ ಅದೇ ಗಡ್ಡೆಗೆ ಕೈಹಾಕಿ, ರಕ್ತ ನಿಲ್ಲದೆ ಅರ್ಧಕ್ಕೇ ಬಿಟ್ಟಿದ್ದರು. 1928ರಲ್ಲಿ ಇಬ್ಬರೂ ಸೇರಿ ವಿವರವಾದ ಪ್ರಬಂಧ ಬರೆದರು.

ಇದಾಗಿ ಆರು ದಶಕಗಳ ನಂತರ, 1990ರಲ್ಲಿ, ಇಟಲಿಯ ರೋಸ್ಸಿ ಮತ್ತು ಅಮೆರಿಕದ ಮೆಕ್‌ಗಾಹನ್ ನೇತೃತ್ವದ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದವು. ಚರ್ಮದ ಮೂಲಕ ಸೂಜಿ ತೂರಿಸಿ, ಪ್ರಾಣಿಗಳ ಯಕೃತ್ತಿನಲ್ಲಿ ಬೇಕಾದಷ್ಟೇ ಜಾಗವನ್ನು ರೇಡಿಯೋ ಆವರ್ತನದ ವಿದ್ಯುತ್ತಿನಿಂದ ಸುಡಬಹುದು ಎಂಬುದೇ ಆ ಸಂಗತಿ. ಇಂದಿನ 'ಅಬ್ಲೇಷನ್' ಚಿಕಿತ್ಸೆಯ ಬೇರು ಅಲ್ಲಿದೆ.

60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕೋಶದ ಪ್ರೋಟೀನು ಬೇಯಿಸಿದ ಮೊಟ್ಟೆಯಂತೆ ಗಟ್ಟಿಯಾಗಿ ಕೋಶ ಬಹುಬೇಗ ಸಾಯುತ್ತದೆ. ಆದರೆ 100 ಡಿಗ್ರಿ ದಾಟಿದರೆ ಅಂಗಾಂಶ ಕರಕಲಾಗಿ ವಿದ್ಯುತ್ತು ಮುಂದೆ ಹರಿಯುವುದಿಲ್ಲ. ಅಂದರೆ ಹೆಚ್ಚು ಸುಟ್ಟರೆ ಕಡಿಮೆ ಜಾಗ ಸುಡುತ್ತದೆ! ಅದಕ್ಕಾಗಿಯೇ ಒಳಗೆ ತಣ್ಣೀರು ಹರಿಯುವ ಸೂಜಿಗಳು, ಕೊಡೆಯ ಕಡ್ಡಿಗಳಂತೆ ಅರಳುವ ಸೂಜಿಗಳು ಬಂದವು. ದೊಡ್ಡ ರಕ್ತನಾಳ ಪಕ್ಕದಲ್ಲಿದ್ದರೆ ಹರಿಯುವ ರಕ್ತವೇ ಶಾಖವನ್ನು ಹೊತ್ತೊಯ್ಯುತ್ತದೆ. ಅಲ್ಲಿ ಗಡ್ಡೆಯ ಅಂಚು ಉಳಿದುಬಿಡುವ ಅಪಾಯವಿದೆ.

ಭರವಸೆ ಕುಸಿದು ಮತ್ತೆ ಎದ್ದದ್ದು

ಇನ್ನು 'ಕಾಯಿಸುವ' ಕವಲಿನ ಕಥೆ. 1975ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 1985ರಲ್ಲಿ ಈ ವಿಷಯಕ್ಕೇ ಮೀಸಲಾದ 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಹೈಪರ್‌ಥರ್ಮಿಯಾ' ಹೊರಬಂತು. ವಿಕಿರಣದ ಜೊತೆ ಶಾಖ ಸೇರಿಸಿದರೆ ಗಡ್ಡೆ ಬೇಗ ಸಾಯುತ್ತದೆ ಎಂದು ಪ್ರಯೋಗಾಲಯಗಳು ಹೇಳುತ್ತಿದ್ದವು.

ಅಷ್ಟರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 1989 ಮತ್ತು 1991ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಶಾಖದಿಂದ ಪ್ರಯೋಜನ ಕಾಣಲಿಲ್ಲ. ಆ ದೇಶದಲ್ಲಿ ಉತ್ಸಾಹ ಉಡುಗಿತು. ಆದರೆ ಅದೇ ವರದಿಯನ್ನು ಎಚ್ಚರಿಕೆಯಿಂದ ಓದಿದವರಿಗೆ ಬೇರೆಯೇ ಅಂಶ ಕಂಡಿತು. ಚಿಕ್ಕ ಗಡ್ಡೆಗಳಲ್ಲಿ ಫಲ ಚೆನ್ನಾಗಿತ್ತು. ಎಷ್ಟೋ ದೊಡ್ಡ ಗಡ್ಡೆಗಳು ಸರಿಯಾಗಿ ಬಿಸಿಯಾಗಿಯೇ ಇರಲಿಲ್ಲ. ಬೇಯದ ಅನ್ನ ಉಂಡು ಅಕ್ಕಿಯನ್ನು ಬೈದಂತೆ ಆಗಿತ್ತು!

ಬಿಸಿಯನ್ನು ಅಳೆಯುವುದು ಹೇಗೆ? 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಒಂದು ಲೆಕ್ಕ ಕೊಟ್ಟಿದ್ದರು. 43 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡು ಒಂದು ಡಿಗ್ರಿ ಏರಿದರೆ ಬೇಕಾದ ಸಮಯ ಅರ್ಧವಾಗುತ್ತದೆ. ಒಂದು ಡಿಗ್ರಿ ಇಳಿದರೆ ನಾಲ್ಕರಷ್ಟಾಗುತ್ತದೆ. 43 ಡಿಗ್ರಿಯಲ್ಲಿ 60 ನಿಮಿಷ ಬೇಕಾದರೆ 44ರಲ್ಲಿ 30 ನಿಮಿಷ, 45ರಲ್ಲಿ 15 ನಿಮಿಷ ಸಾಕು. 42ರಲ್ಲಾದರೋ 240 ನಿಮಿಷ! ಒಂದೇ ಒಂದು ಡಿಗ್ರಿಯ ಕೊರತೆ ಇಡೀ ಚಿಕಿತ್ಸೆಯನ್ನು ವ್ಯರ್ಥ ಮಾಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಡ್ಯೂಕ್ ವಿಶ್ವವಿದ್ಯಾಲಯದ ತಂಡ ಈ ಪಾಠವನ್ನು ಚೆನ್ನಾಗಿ ಕಲಿಯಿತು. 122 ರೋಗಿಗಳಿಗೆ ಮೊದಲು ಒಂದು ಪರೀಕ್ಷಾ ಶಾಖ ಕೊಟ್ಟು, ಗಡ್ಡೆ ಬಿಸಿಯಾಗುತ್ತದೆಯೇ ಎಂದು ನೋಡಿತು. ಬಿಸಿಯಾದ 109 ಮಂದಿಯನ್ನು ಮಾತ್ರ ಎರಡು ಗುಂಪು ಮಾಡಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿಕಿರಣ ಮಾತ್ರ ಪಡೆದವರಲ್ಲಿ ಶೇ. 42.3 ಮಂದಿಯ ಗಡ್ಡೆ ಪೂರ್ತಿ ಮಾಯವಾದರೆ, ಶಾಖವನ್ನೂ ಪಡೆದವರಲ್ಲಿ ಶೇ. 66.1 ಮಂದಿಯದು ಮಾಯವಾಯಿತು. ಆದರೆ ಅವರ ಆಯುಸ್ಸು ಹೆಚ್ಚಲಿಲ್ಲ ಎಂಬುದನ್ನೂ ಆ ಪ್ರಬಂಧ ಮುಚ್ಚಿಡಲಿಲ್ಲ.

ನೆದರ್‌ಲೆಂಡ್ಸ್‌ನಲ್ಲಿ 358 ರೋಗಿಗಳ ಮೇಲೆ ನಡೆದ ಪ್ರಯೋಗ 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭಕಂಠದ ಕ್ಯಾನ್ಸರ್ ಇದ್ದವರಲ್ಲಿ ಮೂರು ವರ್ಷ ಬದುಕಿದವರ ಪ್ರಮಾಣ ಶೇ. 27ರಿಂದ 51ಕ್ಕೆ ಏರಿತ್ತು. ಇಷ್ಟಿದ್ದರೂ ಈ ಚಿಕಿತ್ಸೆ ಲೋಕದೆಲ್ಲೆಡೆ ಹಬ್ಬಲಿಲ್ಲ. 1999ರಲ್ಲೇ ವಿಕಿರಣದ ಜೊತೆ ಔಷಧ ಸೇರಿಸುವ ಹೊಸ ಕ್ರಮ ಬಂದು ಹೋಲಿಕೆಯ ನೆಲೆಯೇ ಬದಲಾಗಿತ್ತು. ಒಳ್ಳೆಯ ಪ್ರಬಂಧವೂ ಹೊತ್ತು ಮೀರಿ ಬಂದರೆ ಹಿಂದೆ ಬೀಳುತ್ತದೆ.

ಮಾತು ಒಂದಾಗಬೇಕು

ಸುಡುವ ಕವಲಿನಲ್ಲಿ ಬೇರೆ ಬಗೆಯ ತೊಡಕಿತ್ತು. ರೇಡಿಯೋ ಆವರ್ತನ, ಮೈಕ್ರೋವೇವ್, ಲೇಸರ್, ಶಬ್ದಾತೀತ ತರಂಗ ಹೀಗೆ ವಿಧಾನಗಳು ಹೆಚ್ಚಿದಂತೆ ಪ್ರಬಂಧಗಳೂ ರಾಶಿ ಬಿದ್ದವು. ಆದರೆ ಒಬ್ಬರು 'ಯಶಸ್ಸು' ಎಂದದ್ದನ್ನು ಇನ್ನೊಬ್ಬರು ಹಾಗೆ ಕರೆಯುತ್ತಿರಲಿಲ್ಲ. ಚಿಕಿತ್ಸೆಯ ದಿನ ಗಡ್ಡೆ ಪೂರ್ತಿ ಸುಟ್ಟಂತೆ ಕಂಡರೆ ಯಶಸ್ಸೇ, ವರ್ಷದ ನಂತರವೂ ಮರುಕಳಿಸದಿದ್ದರೆ ಯಶಸ್ಸೇ? 2005ರಲ್ಲಿ ತಜ್ಞರು ಕೂಡಿ ಸಮಾನ ಪದಗಳನ್ನೂ ವರದಿ ಬರೆಯುವ ನಿಯಮಗಳನ್ನೂ ಗೊತ್ತುಮಾಡಿದರು. 2014ರಲ್ಲಿ ಅವನ್ನು ಪರಿಷ್ಕರಿಸಿದರು. ಇದು ಯಾವ ಹೊಸ ಯಂತ್ರಕ್ಕಿಂತಲೂ ಕಡಿಮೆ ಸಾಧನೆಯಲ್ಲ.

ಹೋಲಿಕೆಯ ಪ್ರಯೋಗಗಳೂ ಬಂದವು. 2006ರಲ್ಲಿ ಚೀನಾದ ತಂಡ 180 ರೋಗಿಗಳ ಅಧ್ಯಯನದಲ್ಲಿ, ಯಕೃತ್ತಿನ ಚಿಕ್ಕ ಕ್ಯಾನ್ಸರಿಗೆ ಸೂಜಿಯ ಚಿಕಿತ್ಸೆ ಶಸ್ತ್ರಕ್ರಿಯೆಗೆ ಸಾಟಿಯಾದೀತು ಎಂದಿತು. ಕರುಳಿನಿಂದ ಯಕೃತ್ತಿಗೆ ಹರಡಿದ, 3 ಸೆಂ.ಮೀ. ಮೀರದ ಗಡ್ಡೆಗಳಿಗೂ ಅದೇ ಮಾತು ಸಲ್ಲುತ್ತದೆಂದು ನೆದರ್‌ಲೆಂಡ್ಸ್ ನೇತೃತ್ವದ ಪ್ರಯೋಗವೊಂದು 2025ರಲ್ಲಿ ವರದಿ ಮಾಡಿತು. ಹೊಟ್ಟೆಯೊಳಗೆ ಬಿಸಿ ಔಷಧ ಹರಿಸುವ ಚಿಕಿತ್ಸೆಗೆ ಅಂಡಾಶಯದ ಕ್ಯಾನ್ಸರಿನಲ್ಲಿ 2018ರಲ್ಲಿ ಗೆಲುವು ಸಿಕ್ಕರೆ, ಫ್ರಾನ್ಸಿನಲ್ಲಿ ಕರುಳಿನ ಕ್ಯಾನ್ಸರ್ ಹೊಟ್ಟೆಯ ಒಳಪೊರೆಗೆ ಹರಡಿದ ರೋಗಿಗಳಲ್ಲಿ ಹೆಚ್ಚಿನ ಆಯುಸ್ಸು ಸಿಗಲಿಲ್ಲ ಎಂದು 2021ರಲ್ಲಿ ತಿಳಿಯಿತು. ಎರಡೂ ಅಚ್ಚಾದವು. ಹಾಗೆ ಆಗಬೇಕಾದದ್ದೇ ಸರಿ.

ಮೇಲೆ ಹೇಳಿದ ಹೈಪರ್‌ಥರ್ಮಿಯಾ ಪತ್ರಿಕೆಯೂ ಕಳೆದ ದಶಕದ ಕೊನೆಯಲ್ಲಿ ಚಂದಾ ಪದ್ಧತಿ ಬಿಟ್ಟು ಮುಕ್ತ ಪ್ರಕಟಣೆಗೆ ಹೊರಳಿತು. ಮೊದಲು ಓದುವವರು ಹಣ ಕೊಡುತ್ತಿದ್ದರು, ಈಗ ಬರೆಯುವವರ ಕಡೆಯವರು ಕೊಡುತ್ತಾರೆ. ಬಡ ದೇಶದ ಸಂಶೋಧಕರಿಗೆ ಇದು ಹೊರೆಯೇ. ಆದರೆ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕುಳಿತ ನೀವೂ ಮೂಲ ಪ್ರಬಂಧವನ್ನು ಪುಕ್ಕಟೆಯಾಗಿ ಓದಬಹುದು.

ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಶಾಖವನ್ನು ಅಳೆದಿದ್ದಾರೆಯೇ? ಯಾರೊಡನೆ ಹೋಲಿಸಿದ್ದಾರೆ? ಗುಣವಾಗದವರ ಲೆಕ್ಕ ಕೊಟ್ಟಿದ್ದಾರೆಯೇ? ಕ್ಯಾನ್ಸರ್ ಬಂದ ಮನೆಯವರು ಯಾವ ಭರವಸೆಗೂ ಜಮೀನು ಮಾರಲು ಸಿದ್ಧರಿರುತ್ತಾರೆ. ಅಂಥ ಮನೆಯಲ್ಲಿ ಈ ಮೂರು ಪ್ರಶ್ನೆ ಕೇಳಬಲ್ಲ ಹುಡುಗನೋ ಹುಡುಗಿಯೋ ಒಬ್ಬರಿದ್ದರೆ ಅದು ದೊಡ್ಡ ಆಸರೆ.

ನನ್ನ ಅಜ್ಜಿಯ ಕೈಯ ಬರೆ ಕೊನೆಯವರೆಗೂ ಮಾಸಲಿಲ್ಲ. ಆದರೆ ಆ ಊರಿನಲ್ಲಿ ಬರೆ ಹಾಕಿಸಿಕೊಂಡೂ ಬದುಕದವರು ಎಷ್ಟು ಮಂದಿ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ.